ನಾನು ಮುಂದೆ, ಅವರು ಹಿಂದಿನ ಸೀಟಿನಲ್ಲಿ

ಇನ್ನು ಮುಂದೆ ಸ್ಕೂಟರ್ ಓಡಿಸಬೇಡಿ ಎಂದು ಕಣ್ಣಿನ ಡಾಕ್ಟರು ನನ್ನ ಗಂಡನಿಗೆ ಹೇಳಿ ಎರಡು ತಿಂಗಳಾಗಿತ್ತು. ನೋಟದ ನಡುಭಾಗ ಮಸುಕಾಗಿ ಅಂಚುಗಳಷ್ಟೇ ಉಳಿದಿದ್ದವು. ಎದುರಿಗೆ ನಿಂತವರ ಮುಖ ಕಾಣದು, ಅವರ ಪಕ್ಕದ ಬಾಗಿಲು ಕಾಣುತ್ತದೆ. ಗಾಡಿಯ ಕೀಲಿಯನ್ನು ಅವರೇ ತಂದು ನನ್ನ ಪರ್ಸಿನ ಪಕ್ಕ ಇಟ್ಟರು. ಜಗಳ ಮಾಡಿದ್ದರೆ ನನ್ನ ಮನಸ್ಸಿಗೆ ಹಗುರಾಗುತ್ತಿತ್ತು.

ಆಮೇಲೆ ಅವರ ಭಾನುವಾರಗಳೂ ನಿಂತವು. ಭಾನುವಾರ ಬೆಳಿಗ್ಗೆ ಪುಣೆಯ ಡೆಕ್ಕನ್ ಕಡೆಯ ಒಂದು ಸಣ್ಣ ಹೋಟೆಲಿನಲ್ಲಿ ಧಾರವಾಡ, ಬೆಳಗಾವಿಯ ಐದಾರು ಗೆಳೆಯರು ಸೇರುತ್ತಾರೆ. ವಾರವೆಲ್ಲ ಮರಾಠಿ ಆಡಿದ ನಾಲಿಗೆಗೆ ಅದೊಂದು ಹಾಲಿಡೇ. ಡಾಕ್ಟರು ಹೇಳಿದ ಮೊದಲ ವಾರ ರಿಕ್ಷಾದಲ್ಲಿ ಹೋದರು. ಚಾಲಕ ರಸ್ತೆಯ ಈಚೆಗೆ ಇಳಿಸಿ ಹೊರಟುಹೋದ, ಹೋಟೆಲು ಆಚೆಗೆ. ಬರುತ್ತಿರುವ ಗಾಡಿ ಯಾವುದು, ನಿಂತದ್ದು ಯಾವುದು ತಿಳಿಯದೆ ಇವರು ಅರ್ಧ ತಾಸು ಅಲ್ಲೇ ನಿಂತು, ಇನ್ನೊಂದು ರಿಕ್ಷಾ ಹಿಡಿದು ಮನೆಗೆ ಬಂದರು. "ಇವತ್ತ ಯಾರೂ ಬಂದಿರಲಿಲ್ಲ" ಎಂದರು. ಸುಳ್ಳು ಹೇಳಲು ಬಾರದ ಮನುಷ್ಯ. ಸಂಜೆ ಗೆಳೆಯರ ಫೋನು ಬಂದು ನಿಜ ಹೊರಬಿತ್ತು. ಅಂದಿನಿಂದ ಭಾನುವಾರ ಬಂತೆಂದರೆ ಬಾಲ್ಕನಿಯಲ್ಲಿ ಪೇಪರು ಹಿಡಿದು ಕೂಡುವುದು. ಓದಲಾಗದ ಪೇಪರು.

ನನ್ನದೇ ಒಂದು ಸ್ಕೂಟರ್ ಇದೆ. ನಾವಿರುವ ಕೋಥರೂಡದಲ್ಲಿ ನನ್ನ ವಯಸ್ಸಿನ ಹೆಂಗಸರು ತರಕಾರಿಗೂ ಬ್ಯಾಂಕಿಗೂ ಗಾಡಿಯ ಮೇಲೆಯೇ ಹೋಗುವುದು. ಯಾರೂ ತಿರುಗಿ ನೋಡುವುದಿಲ್ಲ. ಆದರೆ ಇಬ್ಬರೂ ಕೂಡಿ ಹೊರಟರೆ ಹ್ಯಾಂಡಲ್ ಯಾವಾಗಲೂ ಅವರದೇ. ಯಾರು ಮಾಡಿದ ರೂಲೋ, ಗಾಡ್ ನೋಸ್. ನಾನು ಹಿಂದೆ, ಎರಡೂ ಕಾಲು ಒಂದೇ ಬದಿಗೆ ಇಳಿಬಿಟ್ಟು, ಸೆರಗು ಸಿಕ್ಕಿಸಿಕೊಂಡು, ಬಲಗೈ ಅವರ ಹೆಗಲ ಮೇಲಿಟ್ಟು, ವೆರಿ ಲೇಡಿಲೈಕ್.

ಕೊನೆಗೆ ನಾನೇ ಬಾಯಿ ತೆಗೆದೆ. "ರೀ, ಈ ಸಂಡೇ ನಾ ಬಿಡತೀನಿ. ಹಿಂದ ಕೂಡ್ರಿ."

"ನಿನ್ನ ಹಿಂದ?"

"ಮತ್ತ ಹ್ಯಾಂಡಲ್ ಮ್ಯಾಲೆ ಕೂಡತೀರೇನು?"

ನಗಲಿಲ್ಲ. ಆದರೆ ಬೂಟು ಹಾಕಿಕೊಂಡರು.

ಇವರು ಚಾಕಣದ ಕಾರ್ಖಾನೆಯೊಂದರಲ್ಲಿ ಬ್ರೇಕುಗಳ ಪರೀಕ್ಷೆ ಮಾಡಿ ರಿಟೈರ್ ಆದವರು. ಚಲನೆಯ ನಿಯಮಗಳೇ ನಮ್ಮ ಮನೆಗೆ ಅನ್ನ ಹಾಕಿದವು. ನಾನೋ, ಬೆಳಗಾವಿಯ ಕಾನ್ವೆಂಟಿನಲ್ಲಿ ಅದೇ ಲಾಸ್ ಆಫ್ ಮೋಷನ್ ಅನ್ನು ಸಿಸ್ಟರ್ ಎದುರು ಪದ್ಯದಂತೆ ಒಪ್ಪಿಸಿ, ಉಚ್ಚಾರಣೆ ಸೊಗಸಾಗಿದೆ ಎಂದು ಹೊಗಳಿಸಿಕೊಂಡವಳು. ಅರ್ಥವನ್ನು ಸಿಸ್ಟರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಸೊಸೈಟಿಯ ಗೇಟು ದಾಟುವಷ್ಟರಲ್ಲೇ ಹಿಂದೆ ಠಕ್ ಠಕ್ ಸದ್ದು. ಇವರ ಬಲಗಾಲು ಫುಟ್‌ರೆಸ್ಟನ್ನು ಒತ್ತುತ್ತಿತ್ತು, ಅಲ್ಲಿಲ್ಲದ ಬ್ರೇಕನ್ನು. ಮೊದಲ ತಿರುವು ಎಡಕ್ಕೆ. ಗಾಡಿ ವಾಲಿದ ಕೂಡಲೇ ಇವರು ಗಾಬರಿಯಿಂದ ನೆಟ್ಟಗಾಗಿ, ಮೈಯನ್ನು ಬಲಕ್ಕೆ ಎಳೆದುಕೊಂಡರು. ಎಪ್ಪತ್ತೆಂಟು ಕಿಲೋದ ಮನುಷ್ಯ. ತಿರುಗಬೇಕಾದ ಗಾಡಿ ತಿರುಗದೆ ರಸ್ತೆಯ ನಡುವಿಗೇ ಹೋಯಿತು. ಹಿಂದಿನಿಂದ ಬಂದ ಸಿಟಿ ಬಸ್ಸು ಹಾರ್ನ್ ಹೊಡೆಯಿತು. ಹೇಗೋ ಪಕ್ಕಕ್ಕೆ ತಂದು ಕಾಲೂರಿ ನಿಲ್ಲಿಸಿದೆ.

ಇವರು ಇಳಿದೇಬಿಟ್ಟರು. "ಸಾಕು. ನಾ ನಡಕೋತ ಮನೀಗೆ ಹೋಗತೀನಿ. ನನ್ನ ಸಲುವಾಗಿ ನೀನೂ ಬೀಳತಿ."

"ನೆಟ್ಟಗ ಯಾಕ ಆದ್ರಿ?"

"ನಾ ಆಗಲಿಲ್ಲ. ಇನರ್ಷಿಯಾ ಅದು. ಗಾಡಿ ತಿರುಗಿದ್ರೂ ಮೈ ಹೊಂಟಿದ್ದ ದಾರಿಗೇ ಹೋಗತೀನಿ ಅಂತದ. ಫಸ್ಟ್ ಲಾ. ನಿನಗೇನ ಗೊತ್ತು?"

ನನಗೆ ಸಿಟ್ಟು ಬಂತು. "ನನಗ ಗೊತ್ತಿಲ್ಲ? ನಲವತ್ತ ವರ್ಷ ನಿಮ್ಮ ಹಿಂದ ಕೂತೀನಿ. ಆ ಲಾ ನನ್ನ ಮೈಗೆ ಇರಲಿಲ್ಲೇನು? ನೀವು ವಾಲಿದಾಗೆಲ್ಲಾ ನಾನೂ ವಾಲೀನಿ. ಬ್ರೇಕ್ ಹಾಕೂ ಮೊದಲ ನಿಮ್ಮ ಹೆಗಲು ಬಿಗೀತಿತ್ತು, ಅದನ್ನ ಕೈಯಾಗ ತಿಳಕೊಂಡು ಹಿಂದ ಸರೀತಿದ್ದೆ. ಇನ್ನೊಂದ ಕೈಯಾಗ ಕಾಯಿಪಲ್ಲೆ ಚೀಲ ಬ್ಯಾರೆ!"

ಅವರು ನನ್ನತ್ತ ಹೊರಳಿದರು. ಮುಖ ಕೊಂಚ ಓರೆಯಾಗಿತ್ತು. ನನ್ನನ್ನು ನೋಡಬೇಕೆಂದರೆ ಈಗ ಹಾಗೆಯೇ.

"ನೀ ವಾಲತಿದ್ದಿ ಏನು?"

"ಮತ್ತ?"

"ನನಗ ಗೊತ್ತ ಇರಲಿಲ್ಲ. ನೀ ಕೂತದ್ದ ತಿಳೀತಿರಲಿಲ್ಲ ನೋಡು. ನೀ ಭಾಳ ಹಗುರ ಇದ್ದೀ ಅಂತ ಅನಕೊಂಡಿದ್ದೆ."

ನಾನು ಯಾವತ್ತೂ ಹಗುರಾಗಿರಲಿಲ್ಲ, ಮದುವೆಯ ಫೋಟೋದಲ್ಲೂ ಇಲ್ಲ. ನಗು ಬಂತು, ಸಿಟ್ಟು ಎಲ್ಲಿ ಹೋಯಿತೋ. ಹೊಸದಾಗಿ ಪುಣೆಗೆ ಬಂದಾಗ ಕಾತ್ರಜದ ಘಾಟಿನ ತಿರುವುಗಳಲ್ಲಿ ಕಣ್ಣು ಮುಚ್ಚಿ ಅವರ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದು ಕೂತವಳು ನಾನು. ಆಗ ಅವರು ಬೈದಿರಲಿಲ್ಲ, ಗಾಡಿ ನಿಧಾನ ಮಾಡಿದ್ದರು. ಕೈಯಲ್ಲಿ ಹ್ಯಾಂಡಲ್ ಇಲ್ಲದವರಿಗೆ ರಸ್ತೆ ಎಷ್ಟು ಭಯ ಹುಟ್ಟಿಸುತ್ತದೆಂದು ನನಗೆ ಗೊತ್ತಿಲ್ಲವೇ? ಇಪ್ಪತ್ತೆರಡರಲ್ಲಿ ನಾನು ಕಲಿತದ್ದನ್ನು ಇವರು ಈ ವಯಸ್ಸಿನಲ್ಲಿ, ಅದೂ ಕಣ್ಣು ಮಸುಕಾದ ಮೇಲೆ ಕಲಿಯಬೇಕು. ಪೂರ್ ಡಾರ್ಲಿಂಗ್.

ಪಕ್ಕದಲ್ಲಿದ್ದ ರಿಕ್ಷಾದವನಿಗೆ ನಮ್ಮ ಮಾತು ತಿಳಿಯದಿದ್ದರೂ ಜಗಳ ತಿಳಿದಿತ್ತು. "ಬಸಾ ಆಜೋಬಾ, ಆಜಿ ಮಸ್ತ್ ಚಾಲವತಾತ್" ಎಂದ. ಕೂತುಕೊಳ್ಳಿ ಅಜ್ಜಾ, ಅಜ್ಜಿ ಚೆನ್ನಾಗಿ ಓಡಿಸುತ್ತಾರಂತೆ. ನಾನು ಬಸ್ಸಿನೆದುರು ಹೋದದ್ದನ್ನು ಅವನು ನೋಡಿರಲಿಕ್ಕಿಲ್ಲ.

"ಕೇಳ್ರಿ ಇಲ್ಲೆ," ಎಂದೆ. "ಎಡಕ್ಕ ತಿರುಗುವಾಗ ನನ್ನ ಎಡ ಹೆಗಲಿನ ಮ್ಯಾಲಿಂದ ನೋಡ್ರಿ. ಬಲಕ್ಕಾದ್ರ ಬಲ ಹೆಗಲು. ಬ್ಯಾರೆ ಏನೂ ಮಾಡಬ್ಯಾಡ್ರಿ, ಮೈ ತಾನ ಬರತದ."

"ನೋಡಿದ್ರ ನನಗೇನ ಕಾಣತದ?"

"ಕಾಣೂದು ಬ್ಯಾಡ. ತಲಿ ಅಷ್ಟ ಹೊಳ್ಳಿಸ್ರಿ."

"ಮತ್ತ ಬ್ರೇಕು?"

"ಬ್ರೇಕು ನಂದು."

ಆ ಭಾನುವಾರ ಮನೆಗೇ ತಿರುಗಿದೆವು, ನಿಧಾನವಾಗಿ. ವಾರವಿಡೀ ಸಂಜೆ ಸೊಸೈಟಿಯ ಹಿಂದಿನ ಗಲ್ಲಿಯಲ್ಲಿ ಸುತ್ತು ಹಾಕಿದೆವು. ಮಕ್ಕಳು ಕ್ರಿಕೆಟ್ ನಿಲ್ಲಿಸಿ ದಾರಿ ಬಿಡುತ್ತಿದ್ದರು. ಇವರು ಹೆಗಲ ಬಳಿ ತಲೆ ತಂದು "ಎಡ... ಬಲ..." ಎಂದು ತಮಗೆ ತಾವೇ ಹೇಳಿಕೊಳ್ಳುತ್ತಿದ್ದುದು ಹೆಲ್ಮೆಟ್ಟಿನೊಳಗೂ ಕೇಳಿಸುತ್ತಿತ್ತು. ನಾಲ್ಕನೆಯ ದಿನ ಫುಟ್‌ರೆಸ್ಟಿನ ಸದ್ದು ನಿಂತಿತು.

ಮುಂದಿನ ಭಾನುವಾರ ಹೊರಟೆವು. ದೊಡ್ಡ ತಿರುವಿನಲ್ಲಿ ನಾನು ವಾಲಿದೆ, ಬೆನ್ನ ಹಿಂದಿನ ಭಾರವೂ ನನ್ನೊಡನೆ ವಾಲಿತು.

ಹೋಟೆಲಿನ ಬಾಗಿಲಿಗೇ ಗಾಡಿ ತಂದು ನಿಲ್ಲಿಸಿದೆ. ಮೆಟ್ಟಿಲ ಮೇಲಿದ್ದ ಗೆಳೆಯರೊಬ್ಬರು ಕೂಗಿದರು: "ಏನ್ರಿ ಸಾಹೇಬ್ರ, ಪ್ರಮೋಷನ್ ಆತೇನು? ಡ್ರೈವರ್ ಸಮೇತ ಬಂದೀರಲ್ಲ!"

ಈ ಒಂದು ಮಾತಿಗೆ ಇವರು ತಿರುಗಿ ಬಾಲ್ಕನಿ ಸೇರಿಬಿಡಬಹುದಿತ್ತು. ಇವರು ಸಾವಕಾಶವಾಗಿ ಇಳಿದು ಹೆಲ್ಮೆಟ್ ತೆಗೆದರು.

"ಪ್ರಮೋಷನ್ ಅಲ್ರಿ, ಅಪ್ರೆಂಟಿಸ್. ಹಿಂದ ಕೂಡೂದು ಕಲೀಲಿಕ್ಕತ್ತೀನಿ. ನೀವೂ ಒಮ್ಮೆ ನಿಮ್ಮ ಮನಿಯವರ ಹಿಂದ ಕೂತ ನೋಡ್ರಿ, ಆಮ್ಯಾಲ ಮಾತಾಡ್ರಿ."

ಎಲ್ಲರೂ ನಕ್ಕರು. ಇವರು ಓರೆಯಾಗಿ ನನ್ನತ್ತ ಹೊರಳಿ, "ಹನ್ನೊಂದಕ್ಕ ಬಾ" ಎಂದರು. ಆಮೇಲೆ ಸಣ್ಣ ದನಿಯಲ್ಲಿ, "ಬರತೀಯಲ್ಲ?"

ಐದು ನಿಮಿಷ ಮೊದಲೇ ಹೋದೆ. ಒಳಗಿನ ಗದ್ದಲದಲ್ಲಿ ಅವರ ದನಿಯೇ ಎಲ್ಲರಿಗಿಂತ ಮೇಲಿತ್ತು. ಹನ್ನೊಂದು ದಾಟಿ ಹನ್ನೊಂದೂಕಾಲಾಯಿತು. ನಾನು ಗಾಡಿಯ ಮೇಲೆಯೇ ಕೂತಿದ್ದೆ, ಕರೆಯಲಿಲ್ಲ.