ಚರಗಿಯ ಚಿತ್ರ

ಟಿಕೋಟಾ, ಬಬಲೇಶ್ವರದ ಅಂಗಡಿಗಳಿಗೆ ಬೋರ್ಡು ಬರೆದು ಹೊಟ್ಟೆ ಹೊರೆಯುತ್ತಿದ್ದ ಅಬ್ದುಲಸಮದನಿಗೆ ಮನೆಗೆ ಬಂದರೂ ಕೈ ಸುಮ್ಮನಿರುತ್ತಿರಲಿಲ್ಲ. ಹಳೇ ಕ್ಯಾಲೆಂಡರಿನ ಬೆನ್ನಿಗೆ ಕೊಡ, ಉಳ್ಳಾಗಡ್ಡಿ, ರೊಟ್ಟಿಬುಟ್ಟಿ, ಕಣ್ಣಿಗೆ ಬಿದ್ದದ್ದೆಲ್ಲ ಚಿತ್ರವಾಗುತ್ತಿತ್ತು. ಹೆಂಡತಿ ಗುಲಶನಳಿಗೆ ಹದಿನಾಲ್ಕು ವರ್ಷದಲ್ಲಿ ಅದು ರೂಢಿಯಾಗಿತ್ತು; ಸಾಕೂ ಆಗಿತ್ತು.

ಎಪ್ಪತ್ತೆಂಟರ ರಂಜಾನು. ರೋಜಾ ಹಿಡಿದುಕೊಂಡೇ ಮಧ್ಯಾಹ್ನದಿಂದ ಒಲೆಯ ಮುಂದೆ ಬೆಂದ ಗುಲಶನ, ಸಂಜೆ ತಾಟಿನಲ್ಲಿ ಖಜೂರಿ, ಭಜಿ, ಪಕ್ಕಕ್ಕೆ ಒಂದು ಚರಗಿ ನೀರು ತಂದಿಟ್ಟು ಮಕ್ಕಳ ಜೊತೆ ಕೂತಳು. ಯಜಮಾನ ಖಜೂರಿ ಬಾಯಿಗಿಟ್ಟ ಮೇಲೆಯೇ ಉಳಿದವರು ರೋಜಾ ಬಿಡುವುದು ಆ ಮನೆಯ ರಿವಾಜು. ರೋಜಾ ಬಿಡಲು ಕೂಗುವ ಬಾಂಗಿಗೆ ಇನ್ನೂ ಹೊತ್ತಿದೆಯೆಂದು ಅವನು ತಾಟು, ಚರಗಿಯ ಚಿತ್ರ ತೆಗೆಯತೊಡಗಿದ.

ಇಬ್ರಾಹಿಂಪುರದ ಮಸೀದಿಯಿಂದ ಬಾಂಗು ಕೇಳಿತು, ಮುಗಿಯಿತು. ಅವನು ಖಜೂರಿಯ ಸುಕ್ಕು ತಿದ್ದುತ್ತಲೇ ಇದ್ದ.

"ಬಾಂಗ್ ಆತ್ರಿ," ಅಂದಳು ಗುಲಶನ. ನಾಲಿಗೆ ಅಂಗುಳಕ್ಕೆ ಅಂಟಿತ್ತು.

"ತಡಿ, ಚರಗಿ ಒಂದ ಉಳದೈತಿ. ಯಾರೂ ಮುಟ್ಟಬ್ಯಾಡ್ರಿ."

ಮಕ್ಕಳು ನೀರನ್ನೇ ನೋಡುತ್ತಿದ್ದರು. ಗುಲಶನ ಅವರ ಕೈಗೆ ಒಂದೊಂದು ಖಜೂರಿ ಕೊಟ್ಟಳು, ತಾನೂ ಒಂದು ಬಾಯಿಗೆ ಹಾಕಿಕೊಂಡಳು. ಚರಗಿ ಎತ್ತಿ ಮಕ್ಕಳಿಗೆ ಕುಡಿಸಿ, ಉಳಿದದ್ದನ್ನು ಗಟಗಟ ತಾನೇ ಕುಡಿದು, ಬರಿದಾದ ಚರಗಿಯನ್ನು ಅವನ ಮುಂದೆ ಕುಕ್ಕಿದಳು.

"ಈಗ ತಗೀರಿ ಚಿತ್ರಾ."