ಕುಡುಕನ ಹಾಡಿನ ಧಾಟಿಯಲ್ಲಿ ರಾಮನಾಮ

ನಮ್ಮ ಬೀದಿಯ ಭಜನೆ ಮಂಡಳಿಯಲ್ಲಿ ಹನ್ನೊಂದು ವರ್ಷ ತಾಳ ಹಿಡಿದು ಹಾಡು ಎತ್ತಿಕೊಟ್ಟವಳು ನಾನು. ಇಂಗ್ಲಿಷ್ ರಾಕ್ ಹಾಡೊಂದರ ಧಾಟಿಗೆ ರಾಮನಾಮ ಹೊಂದಿಸಿದ್ದಕ್ಕೆ ಆ ತಾಳ ಕೈತಪ್ಪಿತು. ತಪ್ಪು ಮಾಡಿದೆ ಎಂದು ಅವತ್ತೂ ಅನ್ನಿಸಲಿಲ್ಲ, ಇವತ್ತೂ ಅನ್ನಿಸುತ್ತಿಲ್ಲ.

ಆ ಹಾಡು ಮನೆಗೆ ಬಂದದ್ದು ಮಗಳ ಫೋನಿನಿಂದ. ಕಾಲೇಜಿಗೆ ಹೊರಡುವ ಮುಂಚೆ ತಲೆ ಬಾಚಿಕೊಳ್ಳುತ್ತಾ ಜೋರಾಗಿ ಹಾಕುತ್ತಿದ್ದಳು. ದೊಡ್ಡಬಳ್ಳಾಪುರದಲ್ಲಿ ಇರುವವರಿಗೆ ಸದ್ದು ಹೊಸದಲ್ಲ; ನಮ್ಮ ಗೋಡೆಯಾಚೆಯೇ ನಾಲ್ಕು ಪವರ್‌ಲೂಮ್ ಮಗ್ಗಗಳಿವೆ. ಆದರೂ ಮೊದಲ ದಿನ ಅಟ್ಟದ ಪಾತ್ರೆಗಳೆಲ್ಲ ಉರುಳಿ ಬಿದ್ದಂತೆ ಕೇಳಿಸಿ ಬೈದಿದ್ದೆ. ಮೂರನೆಯ ದಿನ ದೇವರ ಮುಂದೆ ಕೂತು ಸ್ತೋತ್ರ ಹೇಳುತ್ತಿದ್ದಾಗ ನಡುವೆ ಬಾಯಿಗೆ ನುಗ್ಗಿದ್ದು ಅದೇ ಹಾಡು.

ಒಂದು ದೇವರನಾಮ ಬಾಯಿಗೆ ಬರಲು ನನಗೆ ಮೂರು ವಾರ ಬೇಕು. ಕರೆಯದೇ ಬಂದ ಇದು ಮೂರೇ ದಿನಕ್ಕೆ ಹೇಗೆ ಕೂತಿತು? ಕೋಪಕ್ಕಿಂತ ಕುತೂಹಲ ಜಾಸ್ತಿಯಾಯಿತು.

“ಅದನ್ನೇ ಇನ್ನೊಂದ್ಸಲ ಹಾಕೇ.”

“ಅಮ್ಮ, ನಿಂಗೇನಾಯ್ತು ಇವತ್ತು? ಐದನೇ ಸಲ ಇದು.”

“ಬಸ್ಸಿಗೆ ಹೊತ್ತಾಗೋವರ್ಗೂ ಹಾಕ್ತಿರು. ಮಾತಾಡ್ಬೇಡ.”

ಕೇಳಿ ಕೇಳಿ ಒಂದಷ್ಟು ತಿಳಿಯಿತು. ಹಾಡುವವನು ಬಾಯಿ ತೆರೆಯುವ ಮೊದಲೇ ಗಿಟಾರ್ ಒಂದು ಪುಟ್ಟ ತುಣುಕು ನುಡಿಸುತ್ತದೆ, ಏಳೆಂಟು ಸ್ವರ, ಅಷ್ಟೇ. ಅದನ್ನೇ ನಾಲ್ಕು ಸಲ ಹೇಳುತ್ತದೆ, ಆಟಕ್ಕೆ ಹೋದ ಮಕ್ಕಳನ್ನು ಊಟಕ್ಕೆ ಕೂಗುವ ಹಾಗೆ. ದನಿ ಬರುವಷ್ಟರಲ್ಲಿ ಹಾಡು ನಮಗೆ ಪರಿಚಯ. ಪಲ್ಲವಿಯೂ ಹೆಚ್ಚು ಮೇಲೆ ಹೋಗುವುದಿಲ್ಲ. ಹಾಡಲು ಬಾರದವರ ಗಂಟಲಿಗೂ ಎಟುಕುತ್ತದೆ. ಒಂದೇ ಕಡೆ ಮೇಲಕ್ಕೆ ಹಾರುತ್ತದೆ, ಅಲ್ಲಿ ಅವನೂ ಅರ್ಧ ಕಿರುಚುತ್ತಾನೆ. ಕಿರುಚಲು ಅವಕಾಶ ಕೊಡುವ ಹಾಡು ಯಾರಿಗೆ ಬೇಡ?

ಎಲ್ಲಕ್ಕಿಂತ ನನಗೆ ಹಿಡಿಸಿದ್ದು ಪಲ್ಲವಿಗೆ ಮುಂಚಿನ ಒಂದು ಕ್ಷಣ. ಡ್ರಮ್ಮು, ಗಿಟಾರು, ದನಿ ಎಲ್ಲ ನಿಂತುಬಿಡುತ್ತವೆ. ಕರೆಂಟ್ ಹೋದಾಗ ಮಗ್ಗಗಳು ಒಟ್ಟಿಗೆ ನಿಲ್ಲುತ್ತವಲ್ಲ, ಆಗ ಕಿವಿಯೊಳಗೆ ಮಾತ್ರ ಖಟ್ ಖಟ್ ನಡೆದೇ ಇರುತ್ತದೆ. ಇಲ್ಲೂ ಹಾಗೆಯೇ, ಮುಂದಿನ ಸಾಲನ್ನು ನಾವೇ ಒಳಗೆ ಹಾಡಿಕೊಂಡುಬಿಡುತ್ತೇವೆ. ಆಮೇಲೆ ಅವರು ಹಾಡಿದರೆ ನಮ್ಮ ಹಾಡನ್ನೇ ಅವರು ಹಾಡಿದಂತಿರುತ್ತದೆ.

ಹಾಡಿನ ಅರ್ಥ ಗೊತ್ತಿರಲಿಲ್ಲ, ಕೇಳಲೂ ಇಲ್ಲ. ಗಿಟಾರಿನ ತುಣುಕಿಗೆ ‘ರಾಮ ರಾಮ’ ಕೂಡಿಸಿ, ಪಲ್ಲವಿಗೆ ರಾಮನ ಬೇರೆ ಬೇರೆ ಹೆಸರುಗಳನ್ನು ಜೋಡಿಸಿ, ಶನಿವಾರ ಮಂಡಳಿಯಲ್ಲಿ ಎತ್ತಿಕೊಟ್ಟೆ. ನಾವು ಹದಿನಾಲ್ಕು ಹೆಂಗಸರು; ಶ್ರುತಿಗೆ ನಿಲ್ಲುವವರು ಮೂವರು, ಮಿಕ್ಕವರು ಗೊಣಗುವವರು. ಅವತ್ತು ನಾನು ತಾಳ ನಿಲ್ಲಿಸಿದ ಕಡೆ ಹದಿನಾಲ್ಕೂ ಜನ ನಿಂತರು, ಒಟ್ಟಿಗೆ ಮತ್ತೆ ದನಿ ಎತ್ತಿದರು. ವರ್ಷಗಟ್ಟಲೆ ಬರೀ ತುಟಿ ಆಡಿಸಿಕೊಂಡು ಕೂತಿದ್ದ ಹಿಂದಿನ ಸಾಲಿನ ಅಜ್ಜಿಯ ದನಿ ಮೊದಲ ಸಲ ಕೇಳಿಸಿತು. ಇಷ್ಟು ಕೊಟ್ಟೆಯಲ್ಲ, ಸಾಕು ತಂದೆ ಅಂದುಕೊಂಡೆ.

ಮುಂದಿನ ಶನಿವಾರ ಮಂಡಳಿಯ ಹಿರಿಯಕ್ಕ ಹಾಡು ಶುರುವಾಗುವ ಮುಂಚೆಯೇ ತಡೆದರು.

“ಏನಮ್ಮಾ, ಅದು ಎಂಥಾ ಹಾಡು ಅಂತ ಗೊತ್ತಾ ನಿಂಗೆ? ನನ್ ಸೊಸೆ ಹೇಳಿದ್ಲು. ಕುಡ್ದು ರೋಡಲ್ಲಿ ಬಿದ್ದಿರೋನು ಹಾಡೋದಂತೆ.”

“ಗೊತ್ತಿರ್ಲಿಲ್ಲ ಅಕ್ಕ. ಕುಡ್ದಿದ್ದೋನು ಅವ್ನು. ಧಾಟಿ ಕುಡ್ದಿರ್ಲಿಲ್ವಲ್ಲ.”

ಯಾರೋ ಕಿಸಕ್ಕೆಂದರು. ಅಕ್ಕ ಆ ಕಡೆ ತಿರುಗಿ ನೋಡಿದ ಮೇಲೆ ಯಾರೂ ನಗಲಿಲ್ಲ.

“ಮಾತು ಚೆನ್ನಾಗ್ ಕಲ್ತಿದ್ದೀಯ. ತಪ್ಪಾಯ್ತು ಅಂತ ದೇವ್ರ ಮುಂದೆ ಕಾಯಿ ಒಡಿ. ಇಲ್ಲಾಂದ್ರೆ ತಾಳ ಇಲ್ಲಿಡು.”

“ನೀವು ಎತ್ಕೊಡೋ ಅಮ್ಮನೋರ ಹಾಡು ಯಾವ ಧಾಟಿ ಅಕ್ಕ? ಹೀರೋ ಹೀರೋಯಿನ್ನು ಮಳೇಲಿ ನೆನ್ಕೊಂಡು ತಬ್ಕೊಂಡಿದ್ದಲ್ವಾ?”

“ಅದು ಹಳೇ ಸಿನಿಮಾದ್ದು. ಅದೇ ಬೇರೆ.”

“ಹಳೇದಾದ್ರೆ ಮಳೆ ಒಣಗೋಗುತ್ತಾ?”

ಅವರು ತಾಳಕ್ಕೆ ಕೈ ಚಾಚಿದರು. ಉಳಿದವರು ಚಾಪೆಯ ಅಂಚು ನೋಡುತ್ತಿದ್ದರು. ಕಾಯಿ ಒಡೆಯುವುದು ನನಗೆ ಕಷ್ಟವಲ್ಲ, ಶುಕ್ರವಾರ ಶುಕ್ರವಾರ ಒಡೆಯುತ್ತೇನೆ. ಆದರೆ ಮಾಡದ ತಪ್ಪಿಗೆ ಒಡೆದರೆ ಅದು ದೇವರ ಮುಂದೆ ಹೇಳುವ ಸುಳ್ಳಾಗುತ್ತದೆ. ತಾಳ ಅವರ ಕೈಗೆ ಕೊಟ್ಟೆ.

ಎದ್ದು ಮನೆಗೆ ಹೋಗುತ್ತೇನೆ ಎಂದು ಎಲ್ಲರೂ ಎಣಿಸಿದ್ದರು. ನಾನು ಹೋಗಿ ಕೊನೆಯ ಸಾಲಿನಲ್ಲಿ ಕೂತೆ. ಅಜ್ಜಿ ಸರಿದು ಜಾಗ ಬಿಟ್ಟು, “ಬಾರಮ್ಮ, ಇಲ್ಲಿ ಒರಗೋಕೆ ಗೋಡೆನಾದ್ರೂ ಸಿಗುತ್ತೆ,” ಅಂದರು. ನಿಜ, ಹನ್ನೊಂದು ವರ್ಷದಲ್ಲಿ ಮೊದಲ ಸಲ ನನ್ನ ಬೆನ್ನಿಗೆ ಗೋಡೆ ಸಿಕ್ಕಿತ್ತು.

ಮಂಗಳಾರತಿಗೆ ಮುಂಚೆ ಯಾರು ಬೇಕಾದರೂ ಒಂದು ಹಾಡು ಎತ್ತಬಹುದು ಎಂಬುದು ಮಂಡಳಿಯ ಪದ್ಧತಿ. ಅದನ್ನು ಮಾಡಿದವರು ಅಕ್ಕನೇ. “ಯಾರಾದ್ರೂ ಹೇಳ್ತೀರಾ?” ಎಂದು ವಾಡಿಕೆಯಂತೆ ಕೇಳಿದರು. ಕೂತಲ್ಲಿಂದಲೇ ಚಪ್ಪಾಳೆ ಹಾಕಿ ನಾನು ಅದೇ ರಾಮನಾಮ ಎತ್ತಿದೆ. ಹದಿಮೂರು ದನಿ ಸೇರಲಿಲ್ಲ, ಐದು ಸೇರಿದವು. ಅಕ್ಕ ಹಾಡಲಿಲ್ಲ, ತಡೆಯಲೂ ಇಲ್ಲ. ಆರತಿ ತಟ್ಟೆಯನ್ನು ನನ್ನ ಹತ್ತಿರ ಕಟ್ಟಕಡೆಗೆ ತಂದರು. ದೀಪ ಇನ್ನೂ ಉರಿಯುತ್ತಿತ್ತು, ಕಣ್ಣಿಗೆ ಒತ್ತಿಕೊಂಡೆ. ಅಂದಿನಿಂದ ಒಂದು ಶನಿವಾರವೂ ಬಿಟ್ಟಿಲ್ಲ.