ವಿಭೂತಿ ಹಚ್ಚಿದ ಕಣ್ಣು

ಮಾನ್ವಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಉದಯಕುಮಾರನ ಅಂಗಡಿಯಿದೆ. ದೇವದುರ್ಗ ತಾಲ್ಲೂಕಿನ ಮಸರಕಲ್ ಆತನ ಊರು. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಬಂದವನು ಇಪ್ಪತ್ತೆರಡು ವರ್ಷಗಳಿಂದ ಈ ಸೀಮೆಯ ಹತ್ತಿ ಮಿಲ್ಲುಗಳಿಗೆ ಕರೆಂಟಿನ ಪ್ಯಾನೆಲ್ ಕಟ್ಟಿಕೊಡುತ್ತಿದ್ದಾನೆ. ಮೋಟಾರು ನಿಂತರೂ ರಿಲೇ ಸುಟ್ಟರೂ ಮೊದಲ ಫೋನು ಆತನಿಗೇ. ಬೆಂಕಿಯ ಸುಳಿವು ಸಿಕ್ಕರೆ ಕೂಗುವ ಕೆಂಪು ಪೆಟ್ಟಿಗೆಯೊಂದನ್ನು ಸ್ವತಃ ರೂಪಿಸಿ ಹದಿನೇಳು ಮಿಲ್ಲುಗಳಲ್ಲಿ ಕೂರಿಸಿದ್ದ. ಹತ್ತಿಯೊಡನೆ ಬಂದ ಕಲ್ಲಿನ ಚೂರು ಯಂತ್ರಕ್ಕೆ ತಾಗಿ ಕಿಡಿ ಎದ್ದರೆ, ಅದು ಕೊಳವೆಯಲ್ಲಿ ಅರಳೆಯ ಸಂಗಡ ಹಾರಿಹೋಗಿ ರಾಶಿಯೊಳಗೆ ಸೇರುತ್ತದೆ. ತಾಸುಗಟ್ಟಲೆ ಹೊಗೆಯೂ ಇಲ್ಲದೆ ಕೂತು ಒಮ್ಮೆಲೇ ಹೊತ್ತಿಕೊಳ್ಳುತ್ತದೆ. ಆ ಭಯವೇ ಉದಯಕುಮಾರನ ಮರ್ಯಾದೆಗೆ ಆಧಾರವಾಗಿತ್ತು.

ಹೀಗಿರುವಾಗ ದೊಡ್ಡಪ್ಪ ಸಾವುಕಾರರು ತಮ್ಮ ಮಾನ್ವಿಯ ಮಿಲ್ಲಿನಿಂದ ಕೆಂಪು ಪೆಟ್ಟಿಗೆಯನ್ನು ಬಿಚ್ಚಿಸಿ ಯಶೋದಾಳ ಯಂತ್ರವನ್ನು ಹಾಕಿಸಿದರು. ಯಶೋದಾ ಕುರ್ಡಿಯ ಕುರಿ ಕಾಯುವ ಮನೆತನದವಳು, ಮೂವತ್ತು ತುಂಬಿಲ್ಲ. ರಾಯಚೂರಿನಲ್ಲಿ ಎರಡು ಕೋಣೆಯ ಕಾರ್ಯಾಗಾರ ಇಟ್ಟುಕೊಂಡಿದ್ದಾಳೆ. ಅರಳೆ ರಾಶಿಗೆ ಬೀಳುವ ಕೊಳವೆಯ ಬಾಯಿಯಲ್ಲಿ, ಎರಡೂ ಬದಿಗೆ ಎದುರುಬದುರಾಗಿ, ಆಕೆ ಗಾಜಿನ ಕಣ್ಣುಗಳನ್ನು ಕೂರಿಸಿದ್ದಳು. ನಡುವೆ ಕಿಡಿ ಹಾಯ್ದದ್ದು ಕಂಡರೆ ಒಳಗಿನ ಪುಟ್ಟ ಚಿಪ್ ಕಣ್ಣುಮಿಟುಕಿಸುವುದರೊಳಗೆ ಇಡೀ ಮಿಲ್ಲನ್ನು ನಿಲ್ಲಿಸಬೇಕು. ಈ ಹಂಗಾಮು ಇದು ಸರಿಯಾಗಿ ನಡೆದರೆ ತಮ್ಮ ದೇವದುರ್ಗದ ಮೂರು ಮಿಲ್ಲಿಗೂ ಇದನ್ನೇ ಹಾಕಿಸುವುದಾಗಿಯೂ, ಕೈಕೊಟ್ಟರೆ ಮತ್ತೆ ಕೆಂಪು ಪೆಟ್ಟಿಗೆಗೇ ಬರುವುದಾಗಿಯೂ ಸಾವುಕಾರರು ಇಬ್ಬರ ಮುಂದೆಯೂ ಹೇಳಿದ್ದರು.

ಅಂದಿನಿಂದ ಉದಯಕುಮಾರನಿಗೆ ಉಂಡ ಅನ್ನ ಮೈಗೆ ಹತ್ತಲಿಲ್ಲ. ಮೋಟಾರು ನೋಡುವ ನೆವದಲ್ಲಿ ಮಿಲ್ಲಿಗೆ ಹೋಗಿ ಆಕೆಯ ಪೆಟ್ಟಿಗೆಯ ಮುಚ್ಚಳ ತೆಗೆದು ನೋಡಿದ. ಬೆಸುಗೆ ಸಾಸಿವೆ ಕಾಳಿನಷ್ಟು ನುಣುಪಾಗಿತ್ತು. ವೈರುಗಳು ಹೆರಳು ಹೆಣೆದಂತೆ ಸಾಲಾಗಿದ್ದವು. ತಪ್ಪು ಸಿಕ್ಕಿದ್ದರೆ ಸಮಾಧಾನವಾಗುತ್ತಿತ್ತು. ಚಹಾದಂಗಡಿಯಲ್ಲಿ ಕೂತು, ಓದಿದವರ ಯಂತ್ರ ನಮ್ಮ ಧೂಳಿನಲ್ಲಿ ಬಾಳುವುದಿಲ್ಲ ಎಂದು ಕೇಳಿದವರಿಗೂ ಕೇಳದವರಿಗೂ ಹೇಳಿದ. ಹೆಂಡತಿ ವಿಜಯಲಕ್ಷ್ಮಿ ರೊಟ್ಟಿ ಬಡಿಯುತ್ತಲೇ ಅಂದಳು: “ಆ ಹುಡುಗಿ ಹೆಸರು ದಿನಕ್ಕ ಎಷ್ಟು ಸಲ ತಗೋತೀರಿ? ನನ್ನ ಹೆಸರು ವಾರಕ್ಕೊಮ್ಮಿ ತಗೊಂಡಿದ್ರ ಸಾಕಿತ್ತು.”

ಮಹಾನವಮಿಯ ಖಂಡೇ ಪೂಜೆ ಬಂತು. ಅಂದು ಮಿಲ್ಲಿನ ಪ್ರತಿಯೊಂದು ಯಂತ್ರವನ್ನೂ ತೊಳೆದು ಪೂಜಿಸುವುದು ರೂಢಿ. ಸಾವುಕಾರರ ತಾಯಿ ಚನ್ನಮಲ್ಲಮ್ಮ ವಿಭೂತಿಯ ಬಟ್ಟಲು ಹಿಡಿದು, ಮೋಟಾರಿಗೆ, ತಕ್ಕಡಿಗೆ, ಕಂಪ್ಯೂಟರಿಗೆ, ಎಲ್ಲಕ್ಕೂ ಮೂರು ಬೆರಳು ಎಳೆಯುತ್ತಾ ಬಂದರು. ಕೊಳವೆಯ ಬಾಯಿಗೆ ಬಂದಾಗ ಗಾಜಿನ ಕಣ್ಣು ಹೊಳೆಯಿತು. ಅಜ್ಜಿ ಭಕ್ತಿಯಿಂದ ಅದರ ಮೇಲೂ ದಟ್ಟವಾಗಿ ಎಳೆದು ಕೈಮುಗಿದರು. ಎದುರಿನದಕ್ಕೂ ಹಾಗೆಯೇ ಮಾಡಿದರು. ಎರಡು ಮಾರು ದೂರದಲ್ಲಿ ನಿಂತಿದ್ದ ಉದಯಕುಮಾರ ಅದನ್ನು ನೋಡಿದ. ಕಣ್ಣು ಕುರುಡಾಯಿತೆಂದು ಆತನಿಗೆ ತಕ್ಷಣ ತಿಳಿಯಿತು. ಪ್ರಸಾದ ತೆಗೆದುಕೊಂಡು, ಏನೂ ಹೇಳದೆ ಮನೆಗೆ ಬಂದ.

ಮರುದಿನ ವಿಜಯದಶಮಿ, ಹಂಗಾಮು ಶುರುಮಾಡುವ ದಿನ. ಮುಹೂರ್ತಕ್ಕೆ ಸರಿಯಾಗಿ ಸಾವುಕಾರರು ಗುಂಡಿ ಒತ್ತಿದರು. ಮಿಲ್ಲು ಅಲುಗಲಿಲ್ಲ. ಯಶೋದಾಳ ಪೆಟ್ಟಿಗೆಯ ಮೇಲೆ ಹಳದಿ ದೀಪವೊಂದು ಮಿಣುಕುತ್ತಿತ್ತು. ಆಕೆ ಇನ್ನೂ ರಾಯಚೂರಿನ ಬಸ್ಸಿನಲ್ಲಿದ್ದಳು.

ಮೋಟಾರು ಹೊರಡಿಸಿಕೊಡಲು ಬಂದು, ದೀಪವನ್ನು ನೋಡುತ್ತಾ ನಿಂತ ಉದಯಕುಮಾರನಿಗೆ ಅದರ ಮರ್ಮ ಹೊಳೆಯಿತು. ಈ ಕಣ್ಣು ಆ ಕಣ್ಣಿಗೆ ಆಗಾಗ ಸಣ್ಣ ಬೆಳಕು ಕಳಿಸುತ್ತದೆ. ಬೆಳಕು ಮುಟ್ಟದಿದ್ದರೆ, ತನಗೆ ಕಾಣುತ್ತಿಲ್ಲವೆಂದು ಅರಿತು, ಮಿಲ್ಲನ್ನು ಹೊರಡಲು ಬಿಡುವುದಿಲ್ಲ. ಆತನ ಕೆಂಪು ಪೆಟ್ಟಿಗೆಗೆ ಕುರುಡಾದದ್ದು ಗೊತ್ತಾಗುತ್ತಿರಲಿಲ್ಲ; ಹಸಿರು ದೀಪ ಉರಿಸಿಕೊಂಡೇ ಇರುತ್ತಿತ್ತು. ಮೂರು ವರ್ಷದ ಹಿಂದೆ ಬೇರೊಂದು ಮಿಲ್ಲಿನಲ್ಲಿ ಹಾಗೆಯೇ ಆಗಿತ್ತು. ಹತ್ತಿಯ ಧೂಳು ಕವಿದ ಪೆಟ್ಟಿಗೆ ಕೂಗಲಿಲ್ಲ. ಅಲ್ಲಿ ದುಡಿಯುತ್ತಿದ್ದ ರಂಜಾನಬಿಯ ಮೊಳಕೈ ಸುಟ್ಟಿತ್ತು. ಎಲ್ಲರೂ ಧೂಳನ್ನು ಬೈದರು, ಆತನನ್ನು ಯಾರೂ ಬೈಯಲಿಲ್ಲ. ಈ ಹುಡುಗಿಗೆ ಹೊಳೆದದ್ದು ತನಗೆ ಆಗಲೂ ಹೊಳೆಯಲಿಲ್ಲವಲ್ಲ ಎಂದುಕೊಂಡ.

“ಉದಯಾ, ಅದನ್ನ ಬಿಟ್ಟು ಡೈರೆಕ್ಟ್ ಲೈನ್ ಕೊಡೋ. ಮುಹೂರ್ತ ಹೊಂಟದ,” ಎಂದರು ಸಾವುಕಾರರು.

ಯಶೋದಾಳ ಪೆಟ್ಟಿಗೆಯನ್ನು ತಪ್ಪಿಸಿ ಎರಡು ತುದಿ ಕೂಡಿಸಲು ಒಂದು ಗೇಣು ವೈರು ಸಾಕಿತ್ತು, ಅದು ಜೇಬಿನಲ್ಲೇ ಇತ್ತು. ಕೂಡಿಸಿದರೆ ಮಿಲ್ಲು ಕುರುಡು ಕಣ್ಣಿನಲ್ಲೇ ಓಡುತ್ತದೆ. ದೇವದುರ್ಗದ ಮೂರೂ ಮಿಲ್ಲು ಆತನ ಪಾಲಾಗುತ್ತವೆ. ಆತ ಪ್ಯಾನೆಲ್ ತೆರೆದು ಕುಕ್ಕರಗಾಲಲ್ಲಿ ಕೂತ. ಈಗ ಇದೇ ಮಿಲ್ಲಿಗೆ ಬರುತ್ತಿದ್ದ ರಂಜಾನಬಿ ಬುಟ್ಟಿ ಎತ್ತಿಕೊಂಡು ನಿಂತಿದ್ದಳು. “ಹತ್ತಿ ಹಾಕಲ್ಯಾ, ಉದಯಣ್ಣಾ?” ಎಂದು ಆತನನ್ನೇ ಕೇಳಿದಳು.

ವೈರು ಹಿಡಿದ ಕೈ ನಿಂತಿತು.

“ಯಂತ್ರ ಕೆಟ್ಟಿಲ್ರೀ ಸಾವ್ಕಾರ್ರ,” ಎಂದ. “ಅವ್ವಾರು ಅದರ ಕಣ್ಣಿಗೆ ವಿಭೂತಿ ಹಚ್ಯಾರ. ಕಾಣವಲ್ತು ಅಂತ ತಾನಾ ನಿಂತದ.”

“ನಿನಗ ಯಾವಾಗ ಗೊತ್ತಾತು?”

“ಹಚ್ಚೂದು ನಿನ್ನೇನ ನೋಡೀನ್ರಿ.”

“ಮತ್ತ ಬಾಯಾಗ ಕಡುಬು ಇಟ್ಕೊಂಡಿದ್ದೇನು?”

ಉದಯಕುಮಾರ ಎದ್ದು ಕೊಳವೆಯ ಬಾಯಿಗೆ ಹೋದ. ಒದ್ದೆ ಬಟ್ಟೆಯಿಂದ ಎರಡೂ ಕಣ್ಣು ಒರೆಸಿದ. ಹಳದಿ ದೀಪ ಆರಿ ಮಿಲ್ಲು ಹೊರಟಿತು. ಯಶೋದಾ ಬಂದಾಗ ಸಾವುಕಾರರು ನಡೆದದ್ದನ್ನೆಲ್ಲ ಹೇಳಿ, ಹಂಗಾಮು ಮುಗಿಯುವುದನ್ನೂ ಕಾಯದೆ ಮೂರು ಮಿಲ್ಲಿನ ಕೆಲಸವನ್ನೂ ಆಕೆಗೇ ಒಪ್ಪಿಸಿದರು. ಆಕೆ ನೇರವಾಗಿ ಉದಯಕುಮಾರನ ಬಳಿ ಬಂದಳು.

“ನಿನ್ನೆ ಒಂದು ಫೋನ್ ಮಾಡಿದ್ರ ಚೊಲೊ ಇತ್ತು, ಅಣ್ಣಾರ.”

“ಮಾಡ್ತಿದ್ದಿಲ್ಲವ್ವಾ,” ಎಂದ ಆತ. “ನಿನ್ನ ಯಂತ್ರ ಸೋಲಲಿ ಅಂತಿದ್ದೆ.”

ಹಾಗಾದರೆ ಮುಂದಿನ ಪೆಟ್ಟಿಗೆಗಳನ್ನು ಮೊದಲು ನಿಮ್ಮ ಅಂಗಡಿಗೇ ಕಳಿಸುತ್ತೇನೆ, ಕೈಲಾದಷ್ಟು ಸೋಲಿಸಿ ನೋಡಿ ಎಂದಳು ಯಶೋದಾ. ಆತ ಅದನ್ನು ಅವಮಾನವೆಂದುಕೊಂಡ. ಆದರೂ ಪೆಟ್ಟಿಗೆ ಬಂದಾಗ ಹಿಂದಿರುಗಿಸಲಿಲ್ಲ.

ಎಣ್ಣೆ ಬಳಿದ, ಧೂಳು ತೂರಿದ, ಕಾಯಿಸಿದ. ಒಂದು ದಿನ ಸ್ಟೀಲ್ ಲೋಟದ ತಳವನ್ನು ಕಣ್ಣಿಗೆ ಅಡ್ಡ ಹಿಡಿದ. ಕಣ್ಣು ತನ್ನ ಬೆಳಕನ್ನೇ ಎದುರಿನದೆಂದು ತಿಳಿದು ಮೋಸಹೋಯಿತು. ಗಂಡ ಮದುವೆಯ ದಿನವೂ ಅಷ್ಟು ನಕ್ಕಿರಲಿಲ್ಲವೆಂದು ವಿಜಯಲಕ್ಷ್ಮಿ ಹೇಳುತ್ತಾಳೆ. ಯಶೋದಾ ಮಾತ್ರ ಉಪಕಾರವಾಯಿತು ಎಂದಳು. ಎರಡೇ ವಾರದಲ್ಲಿ, ತನ್ನ ಬೆಳಕು ಯಾವುದು ಎದುರಿನದು ಯಾವುದೆಂದು ತಿಳಿಯಲು ಒಂದೊಂದು ಕಣ್ಣೂ ತನ್ನದೇ ಲಯದಲ್ಲಿ ಮಿಣುಕುವಂತೆ ತಿದ್ದಿ ಕಳಿಸಿದಳು. ಆ ಲಯವೂ ಆತನಿಗೆ ಹೊಳೆದಿರಲಿಲ್ಲ.

ತಿದ್ದಿದ ಆ ಪೆಟ್ಟಿಗೆ ಮೇಜಿನ ಮೇಲೆ ಕೂತು ಇಂದಿಗೆ ಹನ್ನೊಂದು ದಿನ. ಬಂದ ಗಿರಾಕಿಗಳು ಅದನ್ನು ನೋಡಿ ರಿಪೇರಿ ಆಯಿತೇ ಎಂದು ಕೇಳುತ್ತಾರೆ. “ಇನ್ನೂ ಕೆಟ್ಟಿಲ್ಲ,” ಎಂದು ಉದಯಕುಮಾರ ಹಲ್ಲು ಕಚ್ಚಿ ಹೇಳುತ್ತಾನೆ.